ಕಾಲೇಜಿಗೆ ಕಂಪ್ಯೂಟರ್: ಮೆಮೊರಿ ದುಬಾರಿಯಾದ ಕಾಲದಲ್ಲಿ ಗಡಿನಾಡಿನ ಮನೆಗಳ ಲೆಕ್ಕಾಚಾರ

ಕಾಸರಗೋಡು: ಪ್ಲಸ್ ಟು ಫಲಿತಾಂಶ ಪ್ರಕಟವಾಗಿ ಕಾಲೇಜು ಪ್ರವೇಶದ ಓಡಾಟ ಆರಂಭವಾಗುವ ಹೊತ್ತಿಗೆ ಗಡಿನಾಡಿನ ಮನೆಗಳಲ್ಲಿ ಶುಲ್ಕ, ಪುಸ್ತಕ, ರೈಲಿನ ಸೀಸನ್ ಟಿಕೆಟ್‌ಗಳ ಜತೆಗೆ ಮತ್ತೊಂದು ಖರ್ಚಿನ ಪ್ರಸ್ತಾಪವೂ ಬರುತ್ತದೆ. ಮಗನಿಗೋ ಮಗಳಿಗೋ ಒಂದು ಕಂಪ್ಯೂಟರ್ ಬೇಕು. ಅಡಿಕೆ ಮಾರಿದ ದುಡ್ಡಿನಿಂದಲೋ, ಸಹಕಾರಿ ಬ್ಯಾಂಕಿನಲ್ಲಿ ಚಿನ್ನ ಅಡವಿಟ್ಟೋ, ಗಲ್ಫಿನಲ್ಲಿರುವ ಅಣ್ಣ ಕಳುಹಿಸುವ ಹಣದಿಂದಲೋ ಹೇಗಾದರೂ ಹೊಂದಿಸಬೇಕಾದ ಖರ್ಚು ಇದು. ಒಮ್ಮೆ ಕೊಂಡರೆ ಓದು ಮುಗಿಯುವ ತನಕ ಬಾಳಬೇಕು. ನಡುವೆ ಇನ್ನೊಂದು ಕೊಳ್ಳುವ ಶಕ್ತಿ ಹೆಚ್ಚಿನ ಮನೆಗಳಿಗೆ ಇಲ್ಲ.

ಹಾಸ್ಟೆಲಿನಲ್ಲಿ ಉಳಿಯುವವರಿಗೆ ಲ್ಯಾಪ್‌ಟಾಪ್ ಅನಿವಾರ್ಯ, ಅದರಲ್ಲಿ ಚರ್ಚೆಯಿಲ್ಲ. ಆದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಗಳಿಂದ ದಿನನಿತ್ಯ ಮಂಗಳೂರಿಗೋ ಕಾಸರಗೋಡಿಗೋ ಹೋಗಿ ಬರುವ ವಿದ್ಯಾರ್ಥಿಗಳ ಸಂಖ್ಯೆ ದೊಡ್ಡದು. ಹಗಲು ಕಾಲೇಜಿನ ಲ್ಯಾಬ್, ರಾತ್ರಿ ಮನೆಯ ಮೇಜು ಎಂಬ ದಿನಚರಿ ಇರುವವರಿಗೆ ಬಿಡಿಭಾಗಗಳನ್ನು ಆರಿಸಿ ಜೋಡಿಸಿದ ಡೆಸ್ಕ್‌ಟಾಪ್ ಈಗಲೂ ಅದೇ ಹಣಕ್ಕೆ ಹೆಚ್ಚು ಕೆಲಸ ಕೊಡುತ್ತದೆ. ಕೆಟ್ಟರೆ ಕೆಟ್ಟ ಭಾಗವನ್ನಷ್ಟೇ ಬದಲಾಯಿಸಿದರೆ ಸಾಕು. ಮನೆಯ ತಮ್ಮ ತಂಗಿಯರಿಗೂ ಅದು ಉಪಯೋಗಕ್ಕೆ ಬರುತ್ತದೆ.

ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದರೆ ಒಂದು ಕೊಟೇಶನ್ ಬರೆದು ಕೊಡುತ್ತಾರೆ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಕ್ಯಾಬಿನೆಟ್, ಎಸ್‌ಎಂಪಿಎಸ್, ಮಾನಿಟರ್, ಕೀಬೋರ್ಡ್, ಮೌಸ್, ಯುಪಿಎಸ್ ಎಂಬ ಹತ್ತು ಸಾಲುಗಳ ಚೀಟಿ. ಬಹಳ ವರ್ಷ ಈ ಚೀಟಿಯ ಮೊದಲ ಎರಡು ಸಾಲುಗಳ ಬಗ್ಗೆ ಮಾತ್ರ ಚೌಕಾಸಿ ನಡೆಯುತ್ತಿತ್ತು. ರ‍್ಯಾಮ್ ಎಂಬ ಮೂರನೆಯ ಸಾಲಿನ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. 2025ರ ಮೊದಲ ತಿಂಗಳುಗಳಲ್ಲಿ 16 ಜಿಬಿಯ ಡಿಡಿಆರ್4 ಮೆಮೊರಿ ಮೂರು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತಿತ್ತು. ಅದೇ ವರ್ಷದ ಕೊನೆಗೆ ಅದು ಮೂರು ಪಟ್ಟು ಮೀರಿತು. ಹೊಸ ಪೀಳಿಗೆಯ ಡಿಡಿಆರ್5 ಇನ್ನೂ ರಭಸವಾಗಿ ಏರಿತು. ಸಾಮಾನ್ಯ ವಿದ್ಯಾರ್ಥಿಯ ಕಂಪ್ಯೂಟರಿನಲ್ಲಿ ಹತ್ತನೇ ಒಂದು ಪಾಲಿನಷ್ಟಿದ್ದ ಮೆಮೊರಿಯ ಖರ್ಚು ಪ್ರೊಸೆಸರಿನ ಬೆಲೆಯನ್ನೇ ಸರಿಗಟ್ಟುವ ಮಟ್ಟಕ್ಕೆ ಬಂತು. 2026 ಆರಂಭವಾದಾಗಲೂ ಏರಿಕೆ ನಿಲ್ಲಲಿಲ್ಲ.

ಹೀಗಿರುವಾಗ ಎರಡು ವರ್ಷದ ಹಿಂದೆ ಪಕ್ಕದ ಮನೆಯವರು ಕೊಂಡ ಕಂಪ್ಯೂಟರಿನ ಪಟ್ಟಿಯನ್ನೇ ಹಿಡಿದುಕೊಂಡು ಅಂಗಡಿಗೆ ಹೋಗುವುದರಲ್ಲಿ ಅರ್ಥವಿಲ್ಲ. ಅಂಗಡಿಯವರು ದೋಚುತ್ತಿದ್ದಾರೆಂದು ಸಿಟ್ಟಾಗುವುದರಲ್ಲಿಯೂ ಅರ್ಥವಿಲ್ಲ.

ಬೆಲೆ ಏರಿದ್ದು ಏಕೆ?

ಜಗತ್ತಿನ ಕಂಪ್ಯೂಟರ್ ಮೆಮೊರಿಯ ಹತ್ತರಲ್ಲಿ ಒಂಬತ್ತು ಪಾಲಿಗಿಂತಲೂ ಹೆಚ್ಚನ್ನು ತಯಾರಿಸುವುದು ಮೂರೇ ಕಂಪೆನಿಗಳು. ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಹಿಂದೆ ಇನ್ನೂ ಹಲವರಿದ್ದರು. ಬೆಲೆ ಕುಸಿತದ ಹೊಡೆತಕ್ಕೆ ಜರ್ಮನಿಯ ಕಿಮೊಂಡ 2009ರಲ್ಲಿ ದಿವಾಳಿಯಾಯಿತು. ಜಪಾನಿನ ಎಲ್ಪಿಡ 2012ರಲ್ಲಿ ದಿವಾಳಿ ಅರ್ಜಿ ಹಾಕಿ ಮರುವರ್ಷ ಮೈಕ್ರಾನ್ ಪಾಲಾಯಿತು. ಉಳಿದ ಮೂವರು ಏನನ್ನು ತಯಾರಿಸಲು ನಿರ್ಧರಿಸುತ್ತಾರೋ ಅದೇ ಮಾರುಕಟ್ಟೆ.

ಈಗ ಅವರ ಕಣ್ಣಿರುವುದು ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳ ಮೇಲೆ. ಅಲ್ಲಿನ ಯಂತ್ರಗಳಿಗೆ ಬೇಕಾಗುವುದು ಎಚ್‌ಬಿಎಂ ಎಂಬ, ಪದರದ ಮೇಲೆ ಪದರ ಪೇರಿಸಿದ ದುಬಾರಿ ಮೆಮೊರಿ. ಒಂದು ಜಿಬಿ ಎಚ್‌ಬಿಎಂ ತಯಾರಿಸಲು ಬೇಕಾಗುವ ಸಿಲಿಕಾನ್ ಬಿಲ್ಲೆಯಲ್ಲಿ, ಅಂದರೆ ವೇಫರಿನಲ್ಲಿ, ಸುಮಾರು ಮೂರು ಜಿಬಿ ಸಾಮಾನ್ಯ ಡಿಡಿಆರ್5 ತಯಾರಿಸಬಹುದು ಎಂಬುದು ಮೈಕ್ರಾನ್ ಕಂಪೆನಿಯೇ ಕೊಟ್ಟ ಲೆಕ್ಕ. ಅತ್ತ ಒಂದು ಹೆಚ್ಚಿದರೆ ಇತ್ತ ಮೂರು ಕಡಿಮೆಯಾಗುತ್ತದೆ. 2025ರ ಅಕ್ಟೋಬರ್ 1ರಂದು ಓಪನ್ ಎಐ ಸಂಸ್ಥೆ ತನ್ನ ಸ್ಟಾರ್‌ಗೇಟ್ ಯೋಜನೆಗಾಗಿ ಎರಡೂ ಕೊರಿಯನ್ ಕಂಪೆನಿಗಳ ಜತೆ ಪ್ರಾಥಮಿಕ ಒಪ್ಪಂದ ಮಾಡಿಕೊಂಡಿತು. ಬೇಡಿಕೆ ತಿಂಗಳಿಗೆ 9 ಲಕ್ಷ ವೇಫರ್‌ಗಳವರೆಗೆ ಹೋಗಬಹುದೆಂದು ಪ್ರಕಟಿಸಲಾಯಿತು. ಅದು ಜಗತ್ತಿನ ಉತ್ಪಾದನೆಯ ಐದರಲ್ಲಿ ಎರಡು ಪಾಲಿನಷ್ಟು ಎಂದು ಆಗ ಅಂದಾಜಿಸಲಾಗಿತ್ತು. ಒಪ್ಪಂದದಂತೆ ಎಲ್ಲವೂ ನಡೆಯುತ್ತದೋ ಇಲ್ಲವೋ ಎಂಬುದು ಬೇರೆ ಮಾತು. ಸುದ್ದಿ ಬಂದೊಡನೆ ದೊಡ್ಡ ಖರೀದಿದಾರರೆಲ್ಲ ಮುಂಗಡ ಕಾದಿರಿಸಲು ಮುಗಿಬಿದ್ದರು. ಡಿಸೆಂಬರ್ 3ರಂದು ಮೈಕ್ರಾನ್, ಅಂಗಡಿಗಳಲ್ಲಿ ಬಿಡಿಯಾಗಿ ಮಾರುತ್ತಿದ್ದ ತನ್ನ ಕ್ರೂಶಿಯಲ್ ಬ್ರಾಂಡಿನ ವ್ಯವಹಾರದಿಂದ ಹೊರಬರುವುದಾಗಿ ಘೋಷಿಸಿತು. ಕಡಿಮೆ ಬೆಲೆಗೆ ನಂಬಿಕೆಯ ರ‍್ಯಾಮ್ ಎಂದು ಅಸೆಂಬಲ್ ಮಾಡುವವರು ಕಣ್ಣುಮುಚ್ಚಿ ಆರಿಸುತ್ತಿದ್ದ ಹೆಸರು ಅದು. ಅದೇ ವಾರ ಡಾಲರಿನೆದುರು ರೂಪಾಯಿ 90ರ ಗಡಿ ದಾಟಿತು. ಆಮದು ವಸ್ತುವಿನ ಮಟ್ಟಿಗೆ ಗಾಯದ ಮೇಲೆ ಬರೆ.

ಮೆಮೊರಿ ದುಬಾರಿಯಾದದ್ದು ಇದೇ ಮೊದಲಲ್ಲ. 1993ರಲ್ಲಿ ಜಪಾನಿನ ಸುಮಿಟೊಮೊ ರಾಸಾಯನಿಕ ಕಾರ್ಖಾನೆಯಲ್ಲಿ ಸ್ಫೋಟ ಸಂಭವಿಸಿ ಚಿಪ್‌ಗಳಿಗೆ ಬೇಕಾದ ರಾಳದ ಕೊರತೆಯಾದಾಗ ಬೆಲೆ ಜಿಗಿದಿತ್ತು. 2011ರಲ್ಲಿ ಥಾಯ್ಲೆಂಡಿನ ನೆರೆಯಿಂದ ಹಾರ್ಡ್ ಡಿಸ್ಕ್ ಬೆಲೆ ಏರಿದ್ದು, 2013ರಲ್ಲಿ ಚೀನಾದ ವುಶಿಯಲ್ಲಿ ಎಸ್‌ಕೆ ಹೈನಿಕ್ಸ್ ಕಾರ್ಖಾನೆಗೆ ಬೆಂಕಿ ಬಿದ್ದು ರ‍್ಯಾಮ್ ತುಟ್ಟಿಯಾದದ್ದು ಹಳೆಯ ಅಂಗಡಿಯವರಿಗೆ ನೆನಪಿರಬಹುದು. ಅವೆಲ್ಲ ಅಪಘಾತಗಳು. ಕಾರ್ಖಾನೆ ದುರಸ್ತಿಯಾದೊಡನೆ ಬೆಲೆ ಇಳಿಯಿತು. ಈ ಬಾರಿ ಯಾವ ಕಾರ್ಖಾನೆಯೂ ಸುಟ್ಟಿಲ್ಲ. ಎಲ್ಲವೂ ಪೂರ್ಣ ಪ್ರಮಾಣದಲ್ಲಿ ನಡೆಯುತ್ತಿವೆ, ಆದರೆ ಬೇರೆಯವರಿಗಾಗಿ. ಸಾವಿರಾರು ಕೋಟಿ ಡಾಲರಿನ ಡೇಟಾ ಸೆಂಟರ್ ಮತ್ತು ಪೈವಳಿಕೆಯ ಬಿಸಿಎ ವಿದ್ಯಾರ್ಥಿ ಒಂದೇ ಸರದಿಯಲ್ಲಿ ನಿಂತಿದ್ದಾರೆ. ಯಾರಿಗೆ ಮೊದಲು ಸಿಗುತ್ತದೆ ಎಂದು ಹೇಳಬೇಕಾಗಿಲ್ಲ.

ಪರಿಹಾರ ಬೇಗ ಬರುವ ಲಕ್ಷಣವಿಲ್ಲ. ಅಮೆರಿಕದ ಐಡಹೊದಲ್ಲಿ ಮೈಕ್ರಾನ್ ಕಟ್ಟುತ್ತಿರುವ ಹೊಸ ಕಾರ್ಖಾನೆಯಿಂದ ಮೊದಲ ವೇಫರ್ ಹೊರಬರುವುದು 2027ರ ನಡುಭಾಗದಲ್ಲಿ ಎಂದೂ, ಸ್ಯಾಮ್‌ಸಂಗ್‌ನ ಪ್ಯೊಂಗ್‌ಟೇಕ್‌ನ ಹೊಸ ಘಟಕ ಕೆಲಸ ಆರಂಭಿಸುವುದು 2028ರಲ್ಲಿ ಎಂದೂ ಆಯಾ ಕಂಪೆನಿಗಳು ಹೇಳಿದ್ದವು. ಗುಜರಾತಿನ ಸಾನಂದದ ಮೈಕ್ರಾನ್ ಘಟಕದ ಬಗ್ಗೆ ನಮ್ಮಲ್ಲಿ ಬಹಳ ಪ್ರಚಾರವಾಗಿದೆ. ಆದರೆ ಅಲ್ಲಿ ನಡೆಯುವುದು ಬೇರೆಡೆ ತಯಾರಾದ ಚಿಪ್‌ಗಳ ಜೋಡಣೆ, ಪರೀಕ್ಷೆ ಮತ್ತು ಪ್ಯಾಕಿಂಗ್. ವೇಫರ್ ತಯಾರಾಗುವುದು ಅಲ್ಲಿ ಅಲ್ಲ. ಆದ್ದರಿಂದ ಕೊರತೆಯನ್ನು ಅದು ನೀಗಿಸದು.

ಇನ್ನು 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಕಡಿತದಿಂದ ಕಂಪ್ಯೂಟರ್ ಅಗ್ಗವಾಗಬಹುದೆಂದು ಕಾದವರೂ ಇದ್ದರು. ಆಗ ಶೇ. 28ರಿಂದ ಶೇ. 18ಕ್ಕೆ ಇಳಿದದ್ದು 32 ಇಂಚಿಗಿಂತ ದೊಡ್ಡ ಟಿವಿ, ಮಾನಿಟರುಗಳ ತೆರಿಗೆ. ವಿದ್ಯಾರ್ಥಿಯ ಮೇಜಿನ 22 ಇಂಚಿನ ಮಾನಿಟರಿಗೂ, ಬಿಡಿಭಾಗಗಳಿಗೂ ಮೊದಲಿನಿಂದಲೇ ಶೇ. 18 ಇತ್ತು. ಅದು ಹಾಗೆಯೇ ಉಳಿಯಿತು.

ಈಗ ಯಾವುದು, ಆಮೇಲೆ ಯಾವುದು

ಡೆಸ್ಕ್‌ಟಾಪಿನ ದೊಡ್ಡ ಅನುಕೂಲವೆಂದರೆ ಎಲ್ಲವನ್ನೂ ಒಂದೇ ದಿನ ಕೊಳ್ಳಬೇಕಾಗಿಲ್ಲ. ಮೆಮೊರಿ ದುಬಾರಿಯಾದಾಗ ಪಟ್ಟಿಯನ್ನು ಎರಡಾಗಿ ಒಡೆಯುವುದೇ ಸರಿಯಾದ ದಾರಿ. ಆಮೇಲೆ ಸೇರಿಸಬಹುದಾದದ್ದನ್ನು ಈಗ ಕಡಿಮೆ ಹಾಕಿಕೊಂಡು, ಆಮೇಲೆ ಬದಲಾಯಿಸಲು ಕಷ್ಟವಾದದ್ದನ್ನು ಈಗಲೇ ಸರಿಯಾಗಿ ಕೊಳ್ಳಬೇಕು. ರ‍್ಯಾಮ್, ಎರಡನೇ ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್ ಮೊದಲ ಗುಂಪಿಗೆ ಸೇರಿದವು. ಮದರ್‌ಬೋರ್ಡ್, ಎಸ್‌ಎಂಪಿಎಸ್, ಮಾನಿಟರ್ ಎರಡನೆಯ ಗುಂಪು. ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತದ್ವಿರುದ್ಧ. ಬಣ್ಣದ ದೀಪದ ಕ್ಯಾಬಿನೆಟ್, ಹೆಸರು ಕೇಳದ ಎಸ್‌ಎಂಪಿಎಸ್, ಒಂದು ಹಳೆಯ ಗ್ರಾಫಿಕ್ಸ್ ಕಾರ್ಡ್ ಸೇರಿಸಿ "ಗೇಮಿಂಗ್ ಪಿಸಿ" ಎಂದು ಕೊಡುತ್ತಾರೆ. ಹುಡುಗರಿಗೆ ಅದು ಇಷ್ಟವಾಗುತ್ತದೆ. ಹಣ ಕೊಡುವ ಹಿರಿಯರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಮೊದಲು ಕೇಳಬೇಕಾದದ್ದು ಓದುವುದೇನು ಎಂಬ ಪ್ರಶ್ನೆ. ಬಿ.ಕಾಂ. ವಿದ್ಯಾರ್ಥಿಗೆ ಟ್ಯಾಲಿ, ಎಕ್ಸೆಲ್ ಓಡಿದರೆ ಆಯಿತು. 8 ಜಿಬಿ ಮೆಮೊರಿ ಅವನಿಗೆ ಸಾಕು. ಬಿಸಿಎಯವರಿಗೆ ಸಿ, ಜಾವಾ, ಪೈಥಾನ್ ಕಲಿಯಲು ಕೂಡ ಅಷ್ಟರಲ್ಲಿ ನಡೆಯುತ್ತದೆ. ಮೊಬೈಲ್ ಆ್ಯಪ್ ತಯಾರಿಸುವ ಆಂಡ್ರಾಯ್ಡ್ ಸ್ಟುಡಿಯೋ ಬಂದಾಗ ಮಾತ್ರ 8 ಜಿಬಿ ಉಸಿರುಕಟ್ಟುತ್ತದೆ. ಅಲ್ಲಿ 16 ಬೇಕು. ಆದರೆ ಅದು ಸಾಮಾನ್ಯವಾಗಿ ಮೊದಲ ಸೆಮಿಸ್ಟರಿನ ಪಾಠವಲ್ಲ. ಮೆಕ್ಯಾನಿಕಲ್, ಸಿವಿಲ್ ಎಂಜಿನಿಯರಿಂಗಿನ ಮೂರು ಆಯಾಮದ ಚಿತ್ರಗಳಿಗೆ 16 ಜಿಬಿ ಆರಂಭದಿಂದಲೇ ಇದ್ದರೆ ಒಳ್ಳೆಯದು. ಕೃತಕ ಬುದ್ಧಿಮತ್ತೆ, ಮೆಷಿನ್ ಲರ್ನಿಂಗ್ ಕಲಿಯುತ್ತೇನೆ, ಅದಕ್ಕೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕು ಎನ್ನುವ ಮಾತೂ ಈಚೆಗೆ ಕೇಳಿಬರುತ್ತಿದೆ. ಪದವಿ ತರಗತಿಯ ಅಭ್ಯಾಸಗಳು ಗೂಗಲ್ ಕೊಲ್ಯಾಬ್‌ನ ಉಚಿತ ಸೇವೆಯಲ್ಲಿ ನಡೆಯುತ್ತವೆ. ಅದಕ್ಕಾಗಿ ಮನೆಯ ಚಿನ್ನ ಬ್ಯಾಂಕಿಗೆ ಹೋಗಬೇಕಾಗಿಲ್ಲ.

ಗ್ರಾಫಿಕ್ಸ್ ಕಾರ್ಡ್ ಬೇಡವೆಂದ ಮೇಲೆ ಪ್ರೊಸೆಸರಿನಲ್ಲಿಯೇ ಗ್ರಾಫಿಕ್ಸ್ ಇರಬೇಕು. ಇಲ್ಲಿ ಒಂದೇ ಒಂದು ಅಕ್ಷರದಲ್ಲಿ ಮೋಸ ಹೋಗುವ ಸಾಧ್ಯತೆಯಿದೆ. ಇಂಟೆಲ್ ಕೋರ್ ಐ3-12100 ಮತ್ತು ಐ5-12400ರಲ್ಲಿ ಗ್ರಾಫಿಕ್ಸ್ ಇದೆ. ಅದೇ ಸಂಖ್ಯೆಯ ಕೊನೆಗೆ 'ಎಫ್' ಸೇರಿದರೆ ಇಲ್ಲ. ಬೆಲೆ ತುಸು ಕಡಿಮೆ ಎಂದು ಅದನ್ನು ಕೊಂಡರೆ ಪರದೆಯಲ್ಲಿ ಚಿತ್ರ ಮೂಡಿಸಲು ಮತ್ತೊಂದು ಕಾರ್ಡಿಗೆ ಸಾವಿರಾರು ರೂಪಾಯಿ ಸುರಿಯಬೇಕು. ಎಎಂಡಿಯಲ್ಲಿ ಇದು ತಿರುಗುಮುರುಗು. ರೈಝನ್ 5 5600 ಮತ್ತು 5500ರಲ್ಲಿ ಗ್ರಾಫಿಕ್ಸ್ ಇಲ್ಲ, 'ಜಿ' ಸೇರಿದ 5600ಜಿಯಲ್ಲಿ ಇದೆ. ಆರು ಕೋರುಗಳ ಈ 5600ಜಿ 2021ರಷ್ಟು ಹಳೆಯದಾದರೂ ಕಾಲೇಜಿನ ಯಾವ ಕೆಲಸಕ್ಕೂ ಹಿಂಜರಿಯುವುದಿಲ್ಲ.

ಇನ್ನು ಮದರ್‌ಬೋರ್ಡ್. ಡಿಡಿಆರ್4 ಹಾಕುವ ಬೋರ್ಡಿಗೆ ಡಿಡಿಆರ್5 ಹೋಗುವುದಿಲ್ಲ, ಅದು ಇದಕ್ಕೂ ಹೋಗುವುದಿಲ್ಲ. ಕಚ್ಚು ಇರುವ ಜಾಗವೇ ಬೇರೆ. ಇಂಟೆಲ್‌ನ 12ನೇ ಪೀಳಿಗೆಗೆ ಒಪ್ಪುವ ಎಚ್610 ಬೋರ್ಡುಗಳು ಎರಡೂ ಬಗೆಯಲ್ಲಿ ಬರುತ್ತವೆ. ಹೆಸರಿನಲ್ಲಿ 'ಡಿ4' ಅಥವಾ 'ಡಿಡಿಆರ್4' ಎಂದು ಇದೆಯೇ ನೋಡಿಕೊಳ್ಳಬೇಕು. ಎಎಂಡಿಯ ಎಎಂ4 ಬೋರ್ಡುಗಳೆಲ್ಲ ಡಿಡಿಆರ್4, 2022ರಲ್ಲಿ ಬಂದ ಎಎಂ5 ಬೋರ್ಡುಗಳೆಲ್ಲ ಡಿಡಿಆರ್5.

ಹಳೆಯದು ಕೊಳ್ಳಬೇಕೋ ಹೊಸದೋ ಎಂಬುದು ಇಲ್ಲಿನ ನಿಜವಾದ ಇಕ್ಕಟ್ಟು. ಸಾಮಾನ್ಯ ಕಾಲದಲ್ಲಿ ಉತ್ತರ ಸುಲಭವಿತ್ತು. ಹೊಸ ಬೋರ್ಡಿಗೆ ನಾಲ್ಕೈದು ವರ್ಷದ ಬಳಿಕವೂ ಹೊಸ ಪ್ರೊಸೆಸರ್ ಹಾಕಬಹುದು. ಎಎಂ5ಕ್ಕೆ 2027ರ ತನಕ ಮತ್ತು ಅದರಾಚೆಗೂ ಬೆಂಬಲವಿದೆ ಎಂದು ಎಎಂಡಿ ಹೇಳಿದೆ. ಆದರೆ ಡಿಡಿಆರ್5 ಮೆಮೊರಿಯ ಬೆಲೆಯೇ ಅಡ್ಡ ನಿಂತಿತು. ಹಾಗೆಂದು ಡಿಡಿಆರ್4 ಕೂಡ ಸುರಕ್ಷಿತ ತಾಣವಲ್ಲ. ದೊಡ್ಡ ಕಂಪೆನಿಗಳು 2025ರಲ್ಲಿಯೇ ಅದರ ತಯಾರಿಕೆಯನ್ನು ಕೈಬಿಡುವ ಸೂಚನೆ ಕೊಟ್ಟಿದ್ದರಿಂದ ಮುಂದೆ ಅದು ಸಿಗುವುದೇ ಕಡಿಮೆಯಾಗುತ್ತದೆ. ಒಟ್ಟು ನೋಡಿದರೆ, ಮನೆಯಲ್ಲೋ ನೆಂಟರಲ್ಲೋ ಮೂಲೆ ಸೇರಿದ ಕಂಪ್ಯೂಟರಿನಲ್ಲಿ ಡಿಡಿಆರ್4 ಮೆಮೊರಿ ಇದ್ದರೆ ಅದನ್ನು ಬಿಚ್ಚಿ ಬಳಸಿಕೊಂಡು ಹಳೆಯ ಪೀಳಿಗೆಯ ಬೋರ್ಡ್ ಕೊಳ್ಳುವುದು ಜಾಣತನ. 2010ರ ಆಸುಪಾಸಿನ ಯಂತ್ರವಾದರೆ ಒಳಗಿರುವುದು ಡಿಡಿಆರ್3 ಆಗಿರುತ್ತದೆ, ಅದು ಪ್ರಯೋಜನಕ್ಕಿಲ್ಲ. ಏನೂ ಇಲ್ಲದವರು, ಅದರಲ್ಲಿಯೂ ನಾಲ್ಕು ವರ್ಷದ ಎಂಜಿನಿಯರಿಂಗಿಗೆ ಹೋಗುವವರು, ಹೊಸ ಪೀಳಿಗೆಯ ಬೋರ್ಡಿಗೆ ಕಡಿಮೆ ಮೆಮೊರಿ ಹಾಕಿ ಆರಂಭಿಸುವುದು ಮೇಲು. ಬೆಲೆ ಇಳಿದಾಗ ಲಾಭ ಸಿಗುವುದು ಅವರಿಗೆ. ಪದವಿಯ ಅವಧಿಯೂ ಈಗ ಗಡಿಯ ಎರಡು ಕಡೆ ಒಂದೇ ಅಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಕೇರಳದಲ್ಲಿ 2024ರ ಜುಲೈಯಿಂದ ನಾಲ್ಕು ವರ್ಷದ ಪದವಿ ಜಾರಿಗೆ ಬಂದರೆ ಕರ್ನಾಟಕ ಅದೇ ವರ್ಷ ಮೂರು ವರ್ಷಕ್ಕೆ ಮರಳಿತು.

ಯಾವ ಬೋರ್ಡ್ ಆದರೂ ಮೆಮೊರಿಗೆ ಎರಡು ಸ್ಲಾಟ್ ಇರಲಿ, ಒಂದನ್ನು ಖಾಲಿ ಬಿಡಲಿ. 4 ಜಿಬಿಯ ಎರಡು ತುಂಡು ಹಾಕಿ ಎರಡೂ ಸ್ಲಾಟ್ ತುಂಬಿಸುವುದು ತಪ್ಪು ಲೆಕ್ಕ. ಮುಂದೆ ಹೆಚ್ಚಿಸುವಾಗ ಹಳೆಯದನ್ನು ಕಿತ್ತು ಹಾಕಬೇಕಾಗುತ್ತದೆ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ಎರಡು ತುಂಡು ಇದ್ದರೆ ವೇಗ ಹೆಚ್ಚು ಎಂಬುದು ನಿಜ. ಆಟ ಆಡುವವರಿಗೆ ಆ ವ್ಯತ್ಯಾಸ ಕಾಣುತ್ತದೆ, ಟ್ಯಾಲಿಗೆ ಕಾಣುವುದಿಲ್ಲ. ಈ ಗ್ರಾಫಿಕ್ಸ್ ತನ್ನ ಪಾಲಿನ ಮೆಮೊರಿಯನ್ನು ಇದೇ 8 ಜಿಬಿಯಿಂದ ಕಡ ಪಡೆಯುತ್ತದೆ ಎಂಬುದೂ ತಿಳಿದಿರಲಿ.

ಎಸ್‌ಎಸ್‌ಡಿಗಳ ಬೆಲೆಯೂ ಮೆಮೊರಿಯ ಬೆನ್ನು ಹಿಡಿದು ಏರಿದೆ. 500 ಜಿಬಿಯ ಎನ್‌ವಿಎಂಇ ಸಾಕು. ಸಿನಿಮಾ, ಫೋಟೊಗಳಿಗೆ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಅದೇ ಇರಲಿ. ಹೆಸರಿಲ್ಲದ ಅಗ್ಗದ ಎಸ್‌ಎಸ್‌ಡಿಗೆ ಮಾತ್ರ ಕೈ ಹಾಕಬಾರದು. ರ‍್ಯಾಮ್ ಕೆಟ್ಟರೆ ಬದಲಾಯಿಸಬಹುದು, ಪ್ರಾಜೆಕ್ಟ್ ರಿಪೋರ್ಟ್ ಹೋದರೆ ಹೋಯಿತು.

ಸಿಡಿಲು, ಕರೆಂಟು, ತೇವ

ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಕುಳಿತು ಕಂಪ್ಯೂಟರ್ ಕೊಳ್ಳಲು ಸಲಹೆ ಕೊಡುವವರು ಹೆಚ್ಚು ಮಾತನಾಡದ ವಿಷಯ ಇದು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಕಂಪ್ಯೂಟರಿನ ದೊಡ್ಡ ಶತ್ರು ವೈರಸ್ ಅಲ್ಲ. ಎಪ್ರಿಲ್, ಮೇ ತಿಂಗಳ ಮಳೆ ಮತ್ತು ಅಕ್ಟೋಬರ್, ನವೆಂಬರಿನ ಹಿಂಗಾರು ಎರಡೂ ಸಂಜೆ ಹೊತ್ತಿನ ಸಿಡಿಲಿನೊಂದಿಗೆ ಬರುತ್ತವೆ. ಓದಲು ಕುಳಿತುಕೊಳ್ಳುವ ಹೊತ್ತೂ ಅದೇ. ಗುಡ್ಡದ ಬದಿಯ ಒಂಟಿ ಮನೆಗಳಿಗೆ ಉದ್ದನೆಯ ಲೈನಿನಲ್ಲಿ ಬರುವ ಕರೆಂಟಿನ ವೋಲ್ಟೇಜ್ ಏರಿಳಿಯುತ್ತದೆ. ತೆಂಗಿನ ಮಡಲು ಬಿದ್ದು ಕರೆಂಟು ಹೋಗಿ ಬಂದು ಮಾಡುವುದು ಮಳೆಗಾಲದ ನಿತ್ಯದ ಸಂಗತಿ.

ಕ್ಯಾಬಿನೆಟ್ ಜತೆಗೆ "ಫ್ರೀ" ಬರುವ ಎಸ್‌ಎಂಪಿಎಸ್ ಇಂಥ ಕಡೆ ನಡೆಯುವುದಿಲ್ಲ. ಮೇಲೆ 450 ವ್ಯಾಟ್ ಎಂದು ಚೀಟಿ ಅಂಟಿಸಿರುತ್ತಾರೆ, ಒಳಗೆ ಅಷ್ಟರ ಸಾಮಾನು ಇರುವುದಿಲ್ಲ. ಅದು ಸುಟ್ಟು ಹೋಗುವಾಗ ಮದರ್‌ಬೋರ್ಡನ್ನೂ ಜತೆಗೆ ಕರೆದುಕೊಂಡು ಹೋಗಬಹುದು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್, ಮಾನಿಟರ್ ಸೇರಿ, ನೂರು ವ್ಯಾಟಿನ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಹಾಗಾಗಿ ದೊಡ್ಡ ಸಂಖ್ಯೆ ಬೇಕಾಗಿಲ್ಲ, ನಂಬಿಕೆಯ ಕಂಪೆನಿಯ, '80 ಪ್ಲಸ್' ಗುರುತಿರುವ 450 ವ್ಯಾಟಿನದು ಧಾರಾಳ. ಮೂರೋ ಐದೋ ವರ್ಷದ ವಾರಂಟಿ ಇರುವ ಎಸ್‌ಎಂಪಿಎಸ್‌ಗೆ ಎರಡು ಸಾವಿರದಷ್ಟು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಯುಪಿಎಸ್ ಈ ಊರಿನಲ್ಲಿ ಐಚ್ಛಿಕವಲ್ಲ. 600 ವಿಎಯ ಸಣ್ಣ ಯುಪಿಎಸ್ ಹತ್ತು ಹದಿನೈದು ನಿಮಿಷ ಹಿಡಿದು ನಿಲ್ಲಿಸಿದರೆ ಬರೆದದ್ದನ್ನು ಉಳಿಸಿ ಯಂತ್ರ ಆರಿಸಬಹುದು. ಅದರ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸುವಂಥದ್ದು ಎಂಬುದನ್ನೂ ಖರ್ಚಿನಲ್ಲಿ ಸೇರಿಸಿಕೊಳ್ಳಬೇಕು. ಆದರೆ ಯುಪಿಎಸ್ ಇದೆಯೆಂದು ಸಿಡಿಲಿನ ಹೊತ್ತಿನಲ್ಲಿ ಕೆಲಸ ಮುಂದುವರಿಸುವುದು ಸರಿಯಲ್ಲ. ಹತ್ತಿರದ ಸಿಡಿಲನ್ನು ತಡೆಯುವ ಯುಪಿಎಸ್ ಇಲ್ಲ. ಪ್ಲಗ್ ಕಿತ್ತಿಡುವುದೊಂದೇ ದಾರಿ. ಬಿಎಸ್‌ಎನ್‌ಎಲ್‌ನ ತಾಮ್ರದ ತಂತಿಯ ಕಾಲದಲ್ಲಿ ಸಿಡಿಲು ಟೆಲಿಫೋನ್ ಲೈನಿನ ಮೂಲಕ ಬಂದು ಮೋಡೆಂ ಸುಡುತ್ತಿತ್ತು. ಈಗ ಬರುವುದು ಗಾಜಿನ ಫೈಬರ್, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಮೋಡೆಂನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲಿಯೇ ಇರುತ್ತದೆ, ಅಲ್ಲಿಂದ ಲ್ಯಾನ್ ಕೇಬಲ್ ನೇರ ಮದರ್‌ಬೋರ್ಡಿಗೆ ಹೋಗುತ್ತದೆ. ಅದನ್ನೂ ಕಿತ್ತಿಡಬೇಕು. ಎಲ್ಲಕ್ಕಿಂತ ಮೊದಲು ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರೀಶಿಯನ್‌ನಿಂದ ನೋಡಿಸಬೇಕು. ಕ್ಯಾಬಿನೆಟ್ ಮುಟ್ಟಿದಾಗ ಸಣ್ಣಗೆ ಶಾಕ್ ಹೊಡೆಯುವ ಮನೆಯಲ್ಲಿ ಎಷ್ಟು ಬೆಲೆಯ ಎಸ್‌ಎಂಪಿಎಸ್ ಹಾಕಿದರೂ ಫಲವಿಲ್ಲ.

ತೇವದ ವಿಚಾರದಲ್ಲಿ ಒಂದೇ ಮಾತು. ಮಳೆಗಾಲದಲ್ಲಿ ಕಂಪ್ಯೂಟರನ್ನು ಬಟ್ಟೆ ಮುಚ್ಚಿ ವಾರಗಟ್ಟಲೆ ಇಡುವುದಕ್ಕಿಂತ ದಿನಕ್ಕೆ ಅರ್ಧ ಗಂಟೆ ಓಡಿಸುವುದು ಒಳ್ಳೆಯದು.

ಕಚೇರಿಯಿಂದ ಹೊರಬಿದ್ದ ಯಂತ್ರಗಳು

ಹೊಸ ಮೆಮೊರಿ ದುಬಾರಿಯಾದೊಡನೆ ದೊಡ್ಡ ಕಚೇರಿಗಳು ಕೈಬಿಟ್ಟ ಡೆಲ್, ಎಚ್‌ಪಿ, ಲೆನೊವೊ ಯಂತ್ರಗಳ ಕಡೆ ಗಮನ ಹರಿದಿದೆ. ಮೆಮೊರಿ, ಡಿಸ್ಕ್ ಸಮೇತ ಸಿಗುವ ಇವು ಹಲವು ಮನೆಗಳಿಗೆ ಹೊಸ ಕಂಪ್ಯೂಟರಿಗಿಂತ ಸರಿಯಾದ ಆಯ್ಕೆ. ಆದರೆ ಪ್ರೊಸೆಸರಿನ ಪೀಳಿಗೆ ನೋಡದೆ ಕೊಳ್ಳಬಾರದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಅಧಿಕೃತವಾಗಿ ಓಡಬೇಕಾದರೆ ಇಂಟೆಲ್‌ನ 8ನೇ ಪೀಳಿಗೆ ಅಥವಾ ಅದಕ್ಕಿಂತ ಹೊಸದು, ಜತೆಗೆ ಟಿಪಿಎಂ 2.0 ಬೇಕು. ಐ5-8500 ಎಂದಿದ್ದರೆ ಆದೀತು, ಐ5-6500 ಎಂದಿದ್ದರೆ ಆಗದು. 4ನೇ, 6ನೇ ಪೀಳಿಗೆಯ ಯಂತ್ರಗಳಲ್ಲಿ ಪರಿಶೀಲನೆಯನ್ನು ತಪ್ಪಿಸಿ ವಿಂಡೋಸ್ 11 ತುಂಬಿಸಿ ಮಾರುವವರಿದ್ದಾರೆ. ಅದು ಇಂದು ಓಡುತ್ತದೆ, ಮುಂದಿನ ಅಪ್‌ಡೇಟಿಗೆ ಏನಾದೀತೆಂದು ಭರವಸೆಯಿಲ್ಲ. ಇನ್ನೊಂದು ಮಿತಿಯೆಂದರೆ ಈ ಯಂತ್ರಗಳ ಎಸ್‌ಎಂಪಿಎಸ್, ಬೋರ್ಡ್‌ಗಳು ಹೆಚ್ಚಾಗಿ ಆಯಾ ಕಂಪೆನಿಯ ಅಳತೆಯವು. ಕೆಟ್ಟರೆ ಊರಿನ ಅಂಗಡಿಯಲ್ಲಿ ಬದಲಿ ಸಿಗುವುದು ಕಷ್ಟ.

ಹಳೆಯ ಯಂತ್ರವನ್ನು ಬದುಕಿಸಿಕೊಳ್ಳಲು ಕಾಸರಗೋಡಿನ ಮಕ್ಕಳಿಗೆ ಒಂದು ಅನುಕೂಲ ಮೊದಲೇ ಇದೆ. ಅದನ್ನು ಅವರೇ ಮರೆಯುತ್ತಾರೆ. 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ ಮತ್ತು 2017ರಲ್ಲಿ ಅದರಿಂದ ರೂಪುಗೊಂಡ ಕೈಟ್ ಸಂಸ್ಥೆಯಿಂದಾಗಿ ಕೇರಳದ ಸರಕಾರಿ, ಅನುದಾನಿತ ಶಾಲೆಗಳಲ್ಲಿ ಓದಿದವರು ಗ್ನು/ಲಿನಕ್ಸ್‌ನಲ್ಲಿಯೇ ಕಂಪ್ಯೂಟರ್ ಕಲಿತವರು. ಕನ್ನಡ ಮಾಧ್ಯಮದವರಿಗೆ ಐಟಿ ಪಠ್ಯಪುಸ್ತಕವೂ ಕನ್ನಡದಲ್ಲಿಯೇ ಇದೆ. ಗಡಿಯಾಚೆಯ ಹೆಚ್ಚಿನ ಸಹಪಾಠಿಗಳಿಗೆ ಇಲ್ಲದ ಪರಿಚಯ ಇದು. ಆದರೆ ಕಾಲೇಜು ಸೇರಿದೊಡನೆ ವಿಂಡೋಸ್ ಇಲ್ಲದಿದ್ದರೆ ಕಂಪ್ಯೂಟರೇ ಅಲ್ಲವೆಂಬ ಭಾವನೆ ಬರುತ್ತದೆ. ಅಂಗಡಿಯವರು ಬಿಲ್ಲಿನಲ್ಲಿ ತೋರಿಸದೆ ಕಳ್ಳ ಪ್ರತಿಯೊಂದನ್ನು ತುಂಬಿಸಿ ಕೊಡುತ್ತಾರೆ. ಪ್ರೋಗ್ರಾಮಿಂಗ್ ಕಲಿಯುವವರಿಗೆ ಲಿನಕ್ಸ್‌ನಿಂದ ನಷ್ಟವೇನೂ ಇಲ್ಲ, 8 ಜಿಬಿಯಲ್ಲಿ ಅದು ಹಗುರವಾಗಿ ಓಡುತ್ತದೆ. ಯೂನಿಕೋಡ್ ಕನ್ನಡ ಟೈಪಿಂಗೂ ಸಿದ್ಧವಾಗಿಯೇ ಇರುತ್ತದೆ. ಟ್ಯಾಲಿ, ಆಟೋಕ್ಯಾಡ್ ಬೇಕಾದವರ ಮಾತು ಬೇರೆ. ಅವರು ವಿಂಡೋಸ್‌ನ ಲೈಸೆನ್ಸಿಗೆ ಹಣ ಎತ್ತಿಡಲೇಬೇಕು. ಆಟೋಕ್ಯಾಡನ್ನು ಮಾತ್ರ ಆಟೋಡೆಸ್ಕ್ ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡುತ್ತದೆ.

ಬಿಲ್ಲು ಯಾವ ಊರಿನದು?

ಬಿಡಿಭಾಗ ಕೊಳ್ಳಲು ಕಾಸರಗೋಡಿನವರು ಮಂಗಳೂರಿಗೆ ಹೋಗುವುದು ಹೊಸತಲ್ಲ. ಐವತ್ತು ಕಿಲೋಮೀಟರಿನಷ್ಟು ದೂರ, ಆಯ್ಕೆ ಹೆಚ್ಚು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬರುವ ಮೊದಲು ಎರಡು ರಾಜ್ಯಗಳ ತೆರಿಗೆ ಬೇರೆ ಬೇರೆಯಿತ್ತು, ಮಂಜೇಶ್ವರದಲ್ಲಿ ಚೆಕ್‌ಪೋಸ್ಟ್ ಇತ್ತು. 2019ರ ಆಗಸ್ಟ್‌ನಿಂದ 2021ರ ಜುಲೈ ತನಕ ಕೇರಳದಲ್ಲಿ ಕೊಂಡರೆ ಶೇ. 1ರ ನೆರೆ ಪರಿಹಾರ ಸೆಸ್ ಕೊಡಬೇಕಾಗಿತ್ತು. ಈಗ ಎರಡು ಕಡೆಯೂ ಶೇ. 18, ವ್ಯತ್ಯಾಸವಿರುವುದು ಅಂಗಡಿಯ ಲಾಭದಲ್ಲಿ ಮಾತ್ರ. ಆನ್‌ಲೈನಿನಲ್ಲಿ ಇನ್ನಷ್ಟು ಕಡಿಮೆಗೆ ಸಿಗುವುದೂ ಉಂಟು. ಆದರೆ ಕಂಪ್ಯೂಟರ್ ಕೆಟ್ಟಾಗ ಯಾವ ಭಾಗ ಕೆಟ್ಟಿದೆಯೆಂದು ಪತ್ತೆ ಮಾಡಿ ಕಂಪೆನಿಗೆ ಕಳುಹಿಸುವ ಕೆಲಸ ಆಗ ಕೊಂಡವರ ತಲೆಗೇ ಬೀಳುತ್ತದೆ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆಸ್ಪತ್ರೆಗೇ ಹೋಗಲಾಗದ ಸ್ಥಿತಿ ಬಂದದ್ದನ್ನು ಕಂಡವರು, ತುಸು ಹೆಚ್ಚು ಕೊಟ್ಟಾದರೂ ಹತ್ತಿರದ ಅಂಗಡಿಯನ್ನೇ ನೆಚ್ಚಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಜೋಡಿಸಿದ ಕಂಪ್ಯೂಟರಿಗೆ ಒಟ್ಟಾರೆ ವಾರಂಟಿ ಎಂಬುದಿಲ್ಲ. ಪ್ರೊಸೆಸರಿಗೆ ಮೂರು ವರ್ಷ, ಎಸ್‌ಎಸ್‌ಡಿಗೆ ಮೂರೋ ಐದೋ, ಮಾನಿಟರಿಗೆ ಮೂರು, ಹೀಗೆ ಒಂದೊಂದಕ್ಕೂ ಬೇರೆ. ಪೆಟ್ಟಿಗೆಯಿಲ್ಲದ 'ಟ್ರೇ' ಪ್ರೊಸೆಸರಿಗೆ ತಯಾರಕರ ವಾರಂಟಿ ಸಿಗದಿರಬಹುದು, ಅಗ್ಗವಾಗಿರುವುದು ಅದಕ್ಕಾಗಿಯೇ. ಪ್ರತಿಯೊಂದು ಭಾಗದ ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ಕೇಳಿ ಪಡೆಯಬೇಕು. ಬಿಲ್ಲು ಬೇಡವಾದರೆ ಇಷ್ಟು ಕಡಿಮೆ ಎಂಬ ಮಾತು ಬಂದಲ್ಲಿ ವಾರಂಟಿಯನ್ನೂ ಅಲ್ಲಿಯೇ ಬಿಟ್ಟು ಬಂದಂತೆ. ಮೆಮೊರಿಗೆ ಚಿನ್ನದ ಬೆಲೆ ಬಂದಿರುವಾಗ ಬಿಲ್ಲಿನಲ್ಲಿರುವ ತುಂಡೇ ಯಂತ್ರದೊಳಗೂ ಇದೆಯೇ ಎಂದು ಪಕ್ಕದ ಮುಚ್ಚಳ ತೆಗೆಸಿ ನೋಡುವುದರಲ್ಲಿ ಸಂಕೋಚ ಬೇಡ.

ಗಡಿಯಾಚೆ ಕೊಂಡು ಮೋಸ ಹೋದರೆ ಅಲ್ಲಿಯೇ ಹೋಗಿ ದಾವೆ ಹೂಡಬೇಕೆಂಬ ಭಯದಿಂದ ಹಲವರು ಸುಮ್ಮನಾಗುತ್ತಾರೆ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಮಂಗಳೂರಿನ ಅಂಗಡಿಯ ಬಿಲ್ಲು ಹಿಡಿದುಕೊಂಡು ಕಾಸರಗೋಡಿನಲ್ಲಿಯೇ ದೂರು ದಾಖಲಿಸಲು ಅಡ್ಡಿಯಿಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಬಹುದು.